ಗೀರಿದವ ಇನ್ನೂ ಸ್ವಲ್ಪ ಗೀರಬೇಕಿತ್ತು

ಶಿರಸಿಯಲ್ಲಿ ಕಾರು ನಿಲ್ಲಿಸಲು ಸಲೀಸಾಗಿ ಜಾಗ ಸಿಕ್ಕಿತು ಎಂದರೆ ಎರಡೇ ಅರ್ಥ. ಒಂದೋ ಅವತ್ತು ಬಂದ್ ಇದೆ, ಇಲ್ಲವೋ ಆ ಜಾಗದಲ್ಲಿ ಏನೋ ಐಬು ಇದೆ. ಮೊನ್ನೆ ಮಾಗಿಯ ಒಂದು ರಾತ್ರಿ ಆಟ ನೋಡಲು ಹೋದಾಗ ಸಭಾಭವನದ ಹಿಂದಿನ ಓಣಿಯಲ್ಲಿ ನನಗೆ ಅಂಥ ಜಾಗ ಸಿಕ್ಕಿತು. ಯಾರದ್ದೋ ಗೇಟು ತಪ್ಪಿಸಿ, ಗಟಾರ ತಪ್ಪಿಸಿ, ತೆಂಗಿನಮರ ತಪ್ಪಿಸಿ, ಎಡಗಡೆ ಜನ ನಡೆಯಲು ಎರಡಡಿ ಬಿಟ್ಟು, ಚಂದ ಮಾಡಿ ನಿಲ್ಲಿಸಿದೆ. ಇಳಿದು ಒಮ್ಮೆ ಹಿಂದೆ ತಿರುಗಿ ನೋಡಿ ಖುಷಿಯೂ ಪಟ್ಟೆ. ಅಷ್ಟು ಚಂದ ನಿಲ್ಲಿಸಿದ್ದೆ.

ಕಾಲಮಿತಿಯ ಯಕ್ಷಗಾನ. ರಂಗದ ಮೇಲೆ ಕೀಚಕ ಸಾಯುವಾಗ ಹನ್ನೆರಡೂವರೆ. ಹೊರಗೆ ಬಂದು ನೋಡಿದರೆ ಓಣಿಯಲ್ಲಿ ಇನ್ನೊಂದು ವಧೆ ಮುಗಿದಿತ್ತು.

ಮೊಬೈಲ್ ಬೆಳಕಿನಲ್ಲಿ ಬಗ್ಗಿ ನೋಡಿದೆ. ಎಡಗಡೆಯ ಹಿಂದಿನ ಬಾಗಿಲಿನ ಹಿಡಿಕೆ ಕೆಳಗೆ ಶುರುವಾದ ಗೀರು ಒಂದು ಮೊಳ ನೇರ ಬಂದಿತ್ತು. ಆಮೇಲೆ ತುಸು ಮೇಲೆ ಹತ್ತಿ, ಮತ್ತೆ ಇಳಿದು, ಮುಂದಿನ ಬಾಗಿಲಿನ ತುದಿಯಲ್ಲಿ ಒಂದು ಸಣ್ಣ ಕೊಕ್ಕೆಯಾಗಿ ಮುಗಿದಿತ್ತು. ಕೊಕ್ಕೆ ಎಷ್ಟು ದುಂಡಗಿತ್ತು ಎಂದರೆ, ಗೀರಿದವ ಕನ್ನಡ ಶಾಲೆಯಲ್ಲಿ ಕಾಪಿ ಬರೆದವನೇ ಸೈ. ಬೆರಳಿಟ್ಟರೆ ಕೆಂಪು ಪುಡಿ ಅಂಟಿತು, ಕುಂಕುಮದ ಹಾಗೆ. ಎಡಗಡೆಯ ಕನ್ನಡಿ ಮುರಿದು ವೈರಿನ ಮೇಲೆ ಜೋತಾಡುತ್ತಿತ್ತು. ಅದರೊಳಗೆ ನನ್ನ ಮುಖ ತಲೆಕೆಳಗಾಗಿ ಕಂಡಿತು.

ಆಟ ಬಿಟ್ಟ ಜನ ಸೇರಿದರು. ನಮ್ಮ ಕಡೆ ಕಾರು ಗೀರಿದವನನ್ನು ಯಾರೂ ನೋಡಿರುವುದಿಲ್ಲ. ಗೀರಿಸಿಕೊಂಡವನನ್ನು ಮಾತ್ರ ಎಲ್ಲರೂ ನೋಡುತ್ತಾರೆ. ಮೊದಲು ಬಂದವರು ಗೀರನ್ನು ನೋಡಿದರು, ನನ್ನನ್ನು ನೋಡಿದರು, ಕೇಳಿದರು: 'ಅಲ್ಲಾ, ಇಲ್ಲಿ ಎಂತಕ್ಕೆ ನಿಲ್ಸಿದ್ರಿ?'

ಈ ಪ್ರಶ್ನೆಯನ್ನು ಮುಂದಿನ ಹದಿನೈದು ದಿನದಲ್ಲಿ ನಾನು ಎಷ್ಟು ಸಲ ಕೇಳಿಸಿಕೊಂಡೆ ಎಂದರೆ, ಕೊನೆಕೊನೆಗೆ ನನಗೇ ಅನುಮಾನ ಬಂತು. ಗೀರಿದ್ದು ನಾನೇ ಇರಬಹುದಾ? ಮನೆಯಲ್ಲಿ ಕೇಳಿದರು. ಹಾಲು ಕೊಡುವವರು ಕೇಳಿದರು. ಠಾಣೆಯಲ್ಲಿ ಕೇಳಿದರು. ವಿಮೆಯವರ ಫಾರಂನಲ್ಲಿ ಅದಕ್ಕೆ ಅಂತಲೇ ಒಂದು ಸಾಲು ಇತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಮೀನುಗಾರರು, ಪೊಲೀಸರು ಸೇರಿ ಚಾಲಕನನ್ನು ಮೇಲೆತ್ತಿದರು. ಪುಣ್ಯಕ್ಕೆ ಬದುಕಿದ. ದಡಕ್ಕೆ ಬಂದ ಮೇಲೆ ಅವನನ್ನೂ ಯಾರೋ ಒಬ್ಬರು ಕೇಳಿಯೇ ಇರುತ್ತಾರೆ, ರಾತ್ರಿ ಅಷ್ಟು ಹೊತ್ತಿಗೆ ಸೇತುವೆ ಮೇಲೆ ನಿನಗೆ ಎಂತಾ ಕೆಲಸ ಅಂತ.

ಇರಲಿ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ತಿಳಿದವರು ಹೇಳುವುದನ್ನು ನಾನೂ ಕೇಳಿ ಬಲ್ಲೆ. ಗಾಡಿ ಕದಲಿಸಬಾರದು. ನಂಬರ್ ಪ್ಲೇಟು, ಸುತ್ತಲಿನ ಜಾಗ, ಗೀರು ಎಲ್ಲ ಕಾಣುವ ಹಾಗೆ ಫೋಟೋ ತೆಗೆಯಬೇಕು. ಹತ್ತಿರದಲ್ಲಿ ಕ್ಯಾಮೆರಾ ಇದೆಯಾ ನೋಡಬೇಕು. ಠಾಣೆಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ರಿಪೇರಿಗೆ ಮೊದಲೇ ವಿಮೆಯವರಿಗೆ ತಿಳಿಸಬೇಕು. ಎಲ್ಲ ಖರೆ. ನಾನು ಎಲ್ಲವನ್ನೂ ಮಾಡಿದೆ. ಈಗ ಅದರ ಕಥೆ ಕೇಳಿ.

ಓಣಿಯ ತುದಿಯ ಅಂಗಡಿಗೆ ಕ್ಯಾಮೆರಾ ಇತ್ತು. ಮರುದಿನ ಬೆಳಿಗ್ಗೆ ಹೋದೆ. ಅಂಗಡಿಯವರು ಒಳ್ಳೆಯವರು, ಚಾ ತರಿಸಿದರು, ಆದರೆ ಹೇಳಿದರು: 'ಪೊಲೀಸರ ಚೀಟಿ ತನ್ನಿ, ಸುಮ್ನೆ ತೋರಿಸಿದರೆ ನಾಳೆ ನನ್ನ ಕುತ್ತಿಗೆಗೆ ಬರ್ತದೆ.' ಠಾಣೆಗೆ ಹೋದರೆ, ಇನ್ನೂ ತನಿಖೆಯೇ ಇಲ್ಲವಲ್ಲ, ಯಾವ ಚೀಟಿ ಕೊಡೋದು ಎಂದರು. ಈ ಮಧ್ಯೆ ರೆಕಾರ್ಡು ಮಾಡುವ ಡಬ್ಬಿ ತನ್ನ ಪಾಡಿಗೆ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ. ಡಬ್ಬಿ ಸಣ್ಣದಿದ್ದರೆ ಒಂದೇ ವಾರಕ್ಕೆ ನಿಮ್ಮ ಸಾಕ್ಷಿ ಹೋಯಿತು. ಅದಕ್ಕೇ ಓಡಾಡಿದೆ. ನಾಲ್ಕನೇ ದಿನ ಅಂಗಡಿಯವರು ನನ್ನ ಮುಖ ನೋಡಿ ಪಾಪ ಅನಿಸಿ, ಹಿಂದಿನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ ತೋರಿಸಿದರು.

ರಾತ್ರಿ ಹತ್ತೂವರೆಯಿಂದ ಹನ್ನೆರಡೂವರೆವರೆಗೆ ಕುಳಿತು ನೋಡಿದೆ. ಪರದೆ ತುಂಬಾ ಒಂದು ಜೇಡ.

ರಾತ್ರಿ ಕ್ಯಾಮೆರಾದ ಸುತ್ತ ಕಣ್ಣಿಗೆ ಕಾಣದ ದೀಪ ಉರಿಯುತ್ತದಂತೆ. ಅದಕ್ಕೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಸೀದಾ ಕ್ಯಾಮೆರಾದ ಮೂತಿಗೇ ಬಲೆ ಹಾಕುತ್ತದೆ. ಬಲೆ ಬೆಳ್ಳಿ ಹಗ್ಗದ ಹಾಗೆ ಹೊಳೆಯುತ್ತಿತ್ತು. ಹನ್ನೊಂದೂ ಹತ್ತಕ್ಕೆ ಜೇಡ ಎಡಕ್ಕೆ ಹೋಯಿತು. ಹನ್ನೊಂದೂ ಇಪ್ಪತ್ತಕ್ಕೆ ಒಂದು ಹುಳ ಹಿಡಿಯಿತು, ಸಾವಕಾಶ ಸುತ್ತಿತು. ಅದರ ಎರಡು ಕಾಲುಗಳ ನಡುವೆ, ದೂರದಲ್ಲಿ, ಸಾಸಿವೆ ಕಾಳಿನಷ್ಟು ದೊಡ್ಡದಾಗಿ ನನ್ನ ಕಾರು ಕಾಣಿಸುತ್ತಿತ್ತು. ಹನ್ನೊಂದೂ ನಲವತ್ತಕ್ಕೆ ಕಾರಿನ ಪಕ್ಕ ಏನೋ ನೆರಳು ಆಡಿತು. ಸರಿಯಾಗಿ ಅದೇ ಹೊತ್ತಿಗೆ ಜೇಡ ನಡುವಿಗೆ ಬಂದು ಕುಳಿತುಕೊಂಡಿತು. ಅಂಗಡಿಯವರು ಸಮಾಧಾನ ಹೇಳಿದರು: 'ಹಗಲಿಗೆ ಮಾತ್ರ ಏ ಒನ್ ಬರ್ತದೆ ಸರ್.'

ಈಗ ಠಾಣೆಗೆ ಬರೋಣ. ಯಾವ ಠಾಣೆ ಎಂದು ಕೇಳಬೇಡಿ, ನನಗೂ ಅದೇ ಊರಿನಲ್ಲಿ ಇರಬೇಕು. ಅಲ್ಲಿದ್ದವರು ಬೈಯಲಿಲ್ಲ, ಕಾಯಿಸಲಿಲ್ಲ, ಕುರ್ಚಿ ಕೊಟ್ಟರು. ಎರಡು ಪ್ರಶ್ನೆ ಕೇಳಿದರು. ಮೊದಲನೆಯದು, ಯಾರ ಮೇಲಾದರೂ ಅನುಮಾನ ಇದೆಯಾ? ಶಿರಸಿಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟವ ಇಲ್ಲ. ಒಂದು ಹೆಸರು ಹೇಳಿದರೆ ಸಂಜೆಯೊಳಗೆ ಅವರ ಷಡ್ಡಕನಿಗೆ ಗೊತ್ತಾಗುತ್ತದೆ. ಮುಂದಿನ ಮೂರು ಮದುವೆ ಊಟ ಹೋಯಿತು ಅಂತಲೇ ಲೆಕ್ಕ. ಇಲ್ಲ ಎಂದೆ.

ಎರಡನೆಯದು, ಲುಕ್ಸಾನು ಎಷ್ಟು?

ಗ್ಯಾರೇಜಿನ ಅಂದಾಜು ಚೀಟಿ ಕೊಟ್ಟೆ. ಎರಡು ಬಾಗಿಲಿನ ಬಣ್ಣಕ್ಕೆ 7,000, ಕನ್ನಡಿಗೆ 2,400. ಒಟ್ಟು 9,400 ರೂಪಾಯಿ. ಅವರು ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಇನ್ನೇನಾದರೂ ಇರಬಹುದು ಎಂಬ ಆಸೆಯಿಂದ. ಏನೂ ಇರಲಿಲ್ಲ. 'ಕಮ್ಮಿ ಆಯ್ತಲ್ಲ ಸರ್' ಎಂದರು. ಮಗನಿಗೆ ಮಾರ್ಕ್ಸ್ ಕಮ್ಮಿ ಬಂದಿದೆ ಎಂದು ಹೇಳುವ ಮಾಸ್ತರರ ದನಿ.

ಅವರ ತಪ್ಪಲ್ಲ. ಪೇಪರಿನಲ್ಲಿ 'ಕಿಡಿಗೇಡಿಗಳ ಕೃತ್ಯ' ಎಂದು ಬರುತ್ತದಲ್ಲ, ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ 324ನೇ ಕಲಂ. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಒಂದು ರೇಟ್ ಕಾರ್ಡು ಇದೆ. ಹಾನಿ 20 ಸಾವಿರದ ಒಳಗಿದ್ದರೆ ಎಲ್ಲಕ್ಕಿಂತ ಕಮ್ಮಿ ಜೈಲು, ಇಲ್ಲವೇ ದಂಡ. 20 ಸಾವಿರದಿಂದ ಒಂದು ಲಕ್ಷದ ಒಳಗಿದ್ದರೆ ಎರಡು ವರ್ಷದವರೆಗೆ. ಒಂದು ಲಕ್ಷ ಮುಟ್ಟಿತೋ, ಐದು ವರ್ಷದವರೆಗೆ. 1860ರ ಹಳೇ ದಂಡ ಸಂಹಿತೆಯಲ್ಲಿ ಎರಡು ವರ್ಷದ ಶಿಕ್ಷೆಗೆ 50 ರೂಪಾಯಿಯ ಲುಕ್ಸಾನು ಸಾಕಿತ್ತು. ನೂರಾ ಅರವತ್ತು ವರ್ಷಕ್ಕೂ ಮೇಲೆ ಅದು 50 ರೂಪಾಯಿಯೇ ಆಗಿ ಉಳಿದಿತ್ತು. 50 ರೂಪಾಯಿಗೆ ಈಗ ಒಂದು ಚಲೋ ತೆಂಗಿನಕಾಯಿ ಸಿಗುವುದು ಕಷ್ಟ, ಹಾಗಾಗಿ ಏರಿಸಿದ್ದು ಸರಿಯೇ ಅನ್ನಿ.

ಆದರೆ ತಮಾಷೆ ಇರುವುದು ಬೇರೆ ಕಡೆ. ನನ್ನಂಥವನ ಕಾರಿಗಾದ ಹಾನಿ ಒಂದು ಲಕ್ಷ ಮುಟ್ಟುವವರೆಗೆ ಇದು ಅಸಂಜ್ಞೇಯ ಅಪರಾಧ. ಠಾಣೆಯ ಭಾಷೆಯಲ್ಲಿ ಎನ್‌ಸಿ. ಅಂದರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಪುಸ್ತಕದಲ್ಲಿ ಬರೆದುಕೊಳ್ಳಬೇಕು, ನಿಮ್ಮನ್ನು ಕೋರ್ಟಿನ ದಾರಿಗೆ ಹಚ್ಚಬೇಕು. ಒಂದು ಲಕ್ಷ ಮುಟ್ಟಿದರೆ ಮಾತ್ರ ಅವರೇ ಎದ್ದು ಬರಬಹುದು.

ಅಲ್ಲಿಗೆ ನನ್ನ ಸಿಟ್ಟು ಪೂರಾ ತಿರುಗಿತು. ಗೀರಿದ ಅಂತ ಸಿಟ್ಟಲ್ಲ, ಇಷ್ಟೇ ಗೀರಿದ ಅಂತ. ಕೆಲಸಗಳ್ಳ! ಆಟ ಮುಗಿಯಲು ಇನ್ನೂ ಐವತ್ತು ನಿಮಿಷ ಇತ್ತು. ಬಲಗಡೆ ಪೂರಾ ಖಾಲಿ ಇತ್ತು. ಬಾನೆಟ್ಟು ಇತ್ತು, ಎರಡೂ ಕಡೆ ಗಾಜಿತ್ತು, ನಾಲ್ಕು ಟಯರು ಇದ್ದವು. ಒಂದು ಚೂರು ಮನಸ್ಸಿಟ್ಟು ಮಾಡಿದ್ದರೆ ನನ್ನ ದೂರಿಗೆ ಒಂದು ನಂಬರ್ ಬೀಳುತ್ತಿತ್ತು, ಒಬ್ಬರು ಬಂದು ಓಣಿ ನೋಡುತ್ತಿದ್ದರು, ಜೇಡದ ಹೇಳಿಕೆಯನ್ನಾದರೂ ಪಡೆಯುತ್ತಿದ್ದರು. ಹೇಳಬೇಕೆಂದರೆ ಅದರಲ್ಲೂ ಒಂದು ತೊಡಕಿದೆ. ಎಂಟು ವರ್ಷದ ನನ್ನ ಸಣ್ಣ ಕಾರಿಗೆ ಒಂದು ಲಕ್ಷದ ಹಾನಿ ಆಗಬೇಕಾದರೆ ಅರ್ಧ ಕಾರನ್ನೇ ಒಯ್ಯಬೇಕು. ಹೊಸಾ ದೊಡ್ಡ ಗಾಡಿಯವನಿಗೆ ಒಂದು ಹೆಡ್‌ಲೈಟ್ ಒಡೆದರೆ ಸಾಕು, ಲಕ್ಷದ ಹತ್ತಿರ ಬಂದ. ಹಾಗಾಗಿ ಕಿಡಿಗೇಡಿಗಳಲ್ಲಿ ವಿನಂತಿ ಏನೆಂದರೆ, ಬಡವರ ಗಾಡಿಗೆ ಕೈ ಹಾಕುವಾಗ ದಯವಿಟ್ಟು ಸ್ವಲ್ಪ ಜಾಸ್ತಿ ಶ್ರಮ ಹಾಕಿ.

ಸ್ವೀಕೃತಿ ಕೊಟ್ಟರು. ಅದನ್ನು ಹಿಡಿದು ವಿಮೆಯ ಬಾಗಿಲಿಗೆ ಹೋದೆ. ಬರೀ ಥರ್ಡ್ ಪಾರ್ಟಿ ಇದ್ದವರು ಈ ಬಾಗಿಲು ತಟ್ಟುವುದು ದಂಡ. ಕಾನೂನು ಕಡ್ಡಾಯ ಮಾಡಿರುವುದು ಅದೊಂದನ್ನೇ, ಅದು ನೀವು ಬೇರೆಯವರಿಗೆ ಮಾಡಿದ ಹಾನಿಗೆ. ಬೇರೆಯವರು ನಿಮಗೆ ಮಾಡಿದ್ದಕ್ಕೆ ಪೂರ್ಣ ವಿಮೆ ಬೇಕು. ನನ್ನದು ಪೂರ್ಣ. ಅದೂ ಹೇಗೆ, ಐದು ವರ್ಷದಿಂದ ಒಂದೂ ಕ್ಲೇಮು ಮಾಡದ ಸಜ್ಜನ ಎಂದು ನನ್ನ ಕಾರಿನ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇ 50ರ ರಿಯಾಯಿತಿ ಕೊಡುತ್ತಿದ್ದರು.

ಸರ್ವೆಯವರು ಬಂದರು. ಹೆಬ್ಬೆರಳಿನಿಂದ ಗೀರು ಸವರಿದರು. 'ಕನ್ನಡಿ, ಗೀರು, ಎರಡೂ ಒಂದೇ ಘಟನೆಯಾ, ಬೇರೆ ಬೇರೆಯಾ?' ಎಂದು ಕೇಳಿದರು. ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ತಿಳಿಯಿತು, ಒಂದೊಂದು ಘಟನೆಗೂ 1,000 ರೂಪಾಯಿ ನಮ್ಮ ಕೈಯಿಂದ. ಸಾವಿರದ ಐನೂರು ಸಿಸಿವರೆಗಿನ ಗಾಡಿಗೆ ಅದೇ ನಿಯಮ. ಎರಡು ಘಟನೆ ಎಂದರೆ ಎರಡು ಸಾವಿರ. ಕೂಡಲೇ ಗೀರಿದವನ ಪರವಾಗಿ ವಾದಿಸಲು ನಿಂತೆ. 'ಒಬ್ಬನೇ ಸರ್, ಒಂದೇ ಏಟಿಗೆ. ನಡೀತಾ ಹೋಗುವಾಗ ಗೀರಿದ, ಕೊನೆಗೆ ಕನ್ನಡಿಗೆ ಹೊಡೆದ. ನೋಡಿ, ಕೊಕ್ಕೆ ಅಲ್ಲೇ ಮುಗೀತದೆ.' ನಾನು ನೋಡೇ ಇಲ್ಲದ ಮನುಷ್ಯನ ನಡತೆಗೆ ಅಷ್ಟು ಖಡಕ್ಕಾಗಿ ಜಾಮೀನು ನಿಂತಿದ್ದೆ. ಅವರು ಒಪ್ಪಿದರು.

ಆಮೇಲೆ ಕ್ಯಾಲ್ಕುಲೇಟರ್ ತೆಗೆದರು. ಬಣ್ಣದ ಬಿಲ್ಲಿನಲ್ಲಿ ಕಾಲು ಭಾಗ ಸಾಮಾನಿನದು ಎಂದು ಹಿಡಿಯಬೇಕು. ಅದರಲ್ಲಿ ಅರ್ಧ ಸವಕಳಿ. 7,000ದಲ್ಲಿ 875 ಹೋಯಿತು. ಕನ್ನಡಿಯ ಮೈ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿಗೆ ಶೇ 50. 1,200 ಹೋಯಿತು. ಘಟನೆಯ ಸಾವಿರ ಹೋಯಿತು. ಉಳಿದಿದ್ದು 6,325. ಪರವಾಗಿಲ್ಲ ಎಂದುಕೊಂಡು ಸಹಿ ಹಾಕಲು ಪೆನ್ನು ತೆಗೆದೆ. ಅಷ್ಟರಲ್ಲಿ ಪಕ್ಕದಲ್ಲಿ ಕವಳ ಜಗಿಯುತ್ತಾ ಕುಳಿತಿದ್ದ ನನ್ನ ಭಾವ ಕೇಳಿದ, 'ರಿಯಾಯಿತಿ ಎಂತ ಆಗ್ತದೆ?'

ಭಾವ ಸೊಸೈಟಿಯಲ್ಲಿ ಲೆಕ್ಕ ಬರೆದು ರಿಟೈರ್ ಆದವ. ಕವಳ ಉಗಿದು ಬಂದು ಚೀಟಿಯ ಹಿಂದೆ ಬರೆದ. ರಿಯಾಯಿತಿ ಇಲ್ಲದಿದ್ದರೆ ನನ್ನ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ 5,000. ಈಗ ಕಟ್ಟುವುದು 2,500. ಒಂದು ಕ್ಲೇಮು ಮಾಡಿದರೆ ರಿಯಾಯಿತಿ ಸೊನ್ನೆ. ಮತ್ತೆ ಒಂದನೇ ಕ್ಲಾಸಿನಿಂದ ಶುರು: ಮೊದಲ ವರ್ಷ ಸೊನ್ನೆ, ಆಮೇಲೆ 20, 25, 35, 45, ಆರನೇ ವರ್ಷಕ್ಕೆ 50. ಪ್ರೀಮಿಯಂ ಹೀಗೇ ಇದ್ದರೆ ನಾನು ಜಾಸ್ತಿ ಕಟ್ಟಬೇಕಾದದ್ದು 2,500, 1,500, 1,250, 750, 250. ಅಡಿಗೆರೆ ಎಳೆದು ಕೂಡಿಸಿದ. 6,250.

ಕ್ಲೇಮಿನಿಂದ ಬರುವುದು 6,325. ಹೋಗುವುದು 6,250. ಐದು ವರ್ಷಕ್ಕೆ ನನ್ನ ನಿವ್ವಳ ಲಾಭ 75 ರೂಪಾಯಿ. ವರ್ಷಕ್ಕೆ 15. ಎರಡು ಘಟನೆ ಎಂದು ಒಪ್ಪಿಕೊಂಡಿದ್ದರೆ ನಾನೇ 925 ರೂಪಾಯಿ ಎದುರು ಕೊಟ್ಟ ಹಾಗೆ ಆಗುತ್ತಿತ್ತು. ಸರ್ವೆಯವರು ಆಕಾಶ ನೋಡಿದರು. ಭಾವ ಇನ್ನೊಂದು ಕವಳ ಹಾಕಿದ.

ನಾನು ಪೆನ್ನು ಮುಚ್ಚಿದೆ.

ಕಾರವಾರದಲ್ಲಿ ಇರುವ ತಂಗಿಯ ಕಥೆ ಇನ್ನೂ ಒಂದು ತೂಕ ಹೆಚ್ಚು. ಅವಳ ಗಾಡಿಗೆ ಸಮುದ್ರದ ದಂಡೆಯ ಹತ್ತಿರ ಯಾರೋ ಹೀಗೇ ಗೀರಿದ್ದರು. ಸರ್ವೆ ಆಗದೆ ರಿಪೇರಿ ಮಾಡುವಂತಿಲ್ಲ, ಸರ್ವೆಯವರು ಬರುವುದು ತಡ ಆಯಿತು. ಅಲ್ಲಿನ ಉಪ್ಪುಗಾಳಿ ಯಾರಿಗೂ ಕಾಯುವುದಿಲ್ಲ. ಅವರು ಬರುವಷ್ಟರಲ್ಲಿ ಗೀರಿನ ಗುಂಟ ತುಕ್ಕು ಹಿಡಿದಿತ್ತು. ಗೀರು ನಮ್ಮದು, ತುಕ್ಕು ನಿಮ್ಮದು ಎಂದರಂತೆ. ತುಕ್ಕು, ಸವಕಳಿ ವಿಮೆಗೆ ಬರುವುದಿಲ್ಲ.

ಮಂಗನ ವಿಷಯ ಕೇಳಲೇಬೇಡಿ. ಯಾಣಕ್ಕೆ ಹೋದ ನಮ್ಮ ಪಕ್ಕದ ಮನೆಯವರ ಗಾಡಿಯ ವೈಪರ್ ಕಿತ್ತು, ಕಿಟಕಿಯ ರಬ್ಬರ್ ಎಳೆದು, ಮೇಲೆ ಕುಳಿತು ಜಗಿದು ನೋಡಿ ಬಿಸಾಡಿತು. ಫಾರಂನಲ್ಲಿ 'ದುರುದ್ದೇಶದ ಕೃತ್ಯವೇ?' ಎಂದು ಇತ್ತಂತೆ. ಮಂಗನಿಗೆ ದುರುದ್ದೇಶ ಇತ್ತೋ ಇಲ್ಲವೋ ಯಾರು ಹೇಳಬೇಕು? ನಮ್ಮ ತೋಟದ ಬಾಳೆಗೊನೆ ನೋಡಿದವರು ಇತ್ತು ಎಂದೇ ಬರೆಯುತ್ತಾರೆ.

ಹಾಗಾದರೆ ದುಡ್ಡು ಕೊಟ್ಟೇ ನಿಲ್ಲಿಸಿ ಅನ್ನುತ್ತೀರಿ. ಗೋಕರ್ಣದಲ್ಲಿ ಅದನ್ನೂ ಮಾಡಿ ನೋಡಿದ್ದೇನೆ. ದುಡ್ಡು ಇಸಿದುಕೊಂಡು ಒಂದು ಚೀಟಿ ಹರಿದು ಕೊಡುತ್ತಾರೆ. ಅದರ ಮೇಲೆ ದೊಡ್ಡದಾಗಿ ದರ, ಕೆಳಗೆ ಇರುವೆ ಅಕ್ಷರದಲ್ಲಿ 'ವಾಹನ ಮತ್ತು ಅದರೊಳಗಿನ ಸಾಮಾನಿಗೆ ಮಾಲೀಕರೇ ಜವಾಬ್ದಾರರು'. ಹಾಗಾದರೆ ದುಡ್ಡು ಯಾಕೆ ಎಂದು ಕೇಳಿದೆ. 'ಜಾಗಕ್ಕೆ' ಎಂದ ಹುಡುಗ. ಗಾಡಿಗೆ? 'ಗಾಡಿ ನಿಮ್ದಲ್ವಾ?' ಅವನ ತರ್ಕದಲ್ಲಿ ಲೋಪವಿಲ್ಲ. 1998ರಲ್ಲಿ ದೆಹಲಿಯ ಒಂದು ದೊಡ್ಡ ಹೋಟೆಲಿನವರ ಕೈಗೆ ಕೀಲಿ ಕೊಟ್ಟು ಒಳಗೆ ಹೋದವರ ಮಾರುತಿ ಝೆನ್ ಕಳುವಾಗಿತ್ತು. ಅಲ್ಲಿನ ಚೀಟಿಯಲ್ಲೂ ಇದೇ ಇರುವೆ ಅಕ್ಷರ. ಕೀಲಿ ಇಸಿದುಕೊಂಡ ಮೇಲೆ ಬರೀ ಒಂದು ಸಾಲು ಅಚ್ಚು ಹಾಕಿಸಿ ಕೈ ತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಹೇಳಿದ್ದು 2019ರಲ್ಲಿ, ಇಪ್ಪತ್ತೊಂದು ವರ್ಷದ ಮೇಲೆ. ಗೋಕರ್ಣದ ಆ ಹುಡುಗನಿಗೆ ಇದು ಹೇಗೋ ಗೊತ್ತಾಗಿರಬೇಕು. ಅವನು ಕೀಲಿ ಮುಟ್ಟುವುದೇ ಇಲ್ಲ.

ಅಮ್ಮ ಮಾತ್ರ ತಲೆ ಕೆಡಿಸಿಕೊಳ್ಳಲಿಲ್ಲ. ಕೇಸು ನೇರ ಮೇಲಿನ ಕೋರ್ಟಿಗೆ ಹಾಕಿದಳು. ಯಲ್ಲಾಪುರದ ಹತ್ತಿರ ಚಂದಗುಳಿಯ ಗಂಟೆ ಗಣಪತಿಗೆ ಒಂದು ಗಂಟೆ ಹೇಳಿಕೊಂಡಳು. ಅಲ್ಲಿ ಎನ್‌ಸಿ ಇಲ್ಲ, 20 ಸಾವಿರದ ಲೆಕ್ಕ ಇಲ್ಲ, ಇಲ್ಲಿ ಎಂತಕ್ಕೆ ನಿಲ್ಸಿದ್ದೆ ಎಂದು ದೇವರು ಕೇಳುವುದಿಲ್ಲ. ಹರಕೆ ಗೀರಿದವನು ಸಿಗಲಿ ಎಂದೋ, ಬಣ್ಣ ಸರಿಯಾಗಲಿ ಎಂದೋ ಕೇಳಿದೆ. 'ನೀನು ಆ ವಿಷಯ ಮಾತಾಡೋದು ನಿಲ್ಲಿಸ್ಲಿ ಅಂತ' ಎಂದಳು.

ಕೊನೆಗೆ ಹೋಗಿದ್ದು ಹುಬ್ಬಳ್ಳಿ ರಸ್ತೆಯ ಕಡೆಗಿನ ಒಬ್ಬ ಪೇಂಟರ್ ಹತ್ತಿರ. ಇಷ್ಟು ದಿನದಲ್ಲಿ ಗೀರನ್ನು ನಿಜವಾಗಿ ನೋಡಿದ ಮೊದಲ ಮನುಷ್ಯ. ಕುಕ್ಕರಗಾಲಲ್ಲಿ ಕುಳಿತು, ತಲೆ ವಾರೆ ಮಾಡಿ, ಕಣ್ಣು ಸಣ್ಣ ಮಾಡಿ ಉದ್ದಕ್ಕೆ ನೋಡಿದ. 'ಇದು ಕೀಲಿ ಅಲ್ಲ ಸರ್, ಕೀಲಿಯಾದ್ರೆ ಗೆರೆ ಇಷ್ಟು ಅಗಲ ಬರೋದಿಲ್ಲ. ಕಲ್ಲು. ಹಿಂದಿಂದ ಮುಂದೆ ಹೋಗಿದ್ದಾನೆ, ಬಲಗೈ. ಇಲ್ಲಿ ಮೇಲೆ ಹತ್ತಿದೆ ನೋಡಿ, ಹಿಂದೆ ತಿರುಗಿ ನೋಡಿದ್ದಾನೆ. ಯಾರೋ ಕರೆದಿರಬೇಕು.' ಎರಡು ನಿಮಿಷದಲ್ಲಿ ತನಿಖೆ ಮುಗಿಯಿತು. ಯಾವ ಆದೇಶವೂ ಬೇಕಾಗಲಿಲ್ಲ. ಬಲಗೈ ಬಳಸುವ, ಕರೆದರೆ ತಿರುಗಿ ನೋಡುವ ಮನುಷ್ಯ ಎಂದರೆ ಶಿರಸಿಯಲ್ಲಿ ಹುಡುಕುವುದು ಕಷ್ಟ, ಅದು ಬೇರೆ ಮಾತು.

ಬಣ್ಣ ಯಾವಾಗ ಹಾಕ್ತೀರಿ ಎಂದು ಕೇಳಿದೆ. ಅವನು ನನ್ನನ್ನು ಹುಚ್ಚನ ಹಾಗೆ ನೋಡಿದ. 'ಈಗ ಹಾಕಬೇಡಿ. ಮತ್ತೊಂದು ಸಲ ಗೀರ್ತಾರೆ. ಆಮೇಲೆ ಒಟ್ಟಿಗೇ ಮಾಡುವಾ, ಕಮ್ಮಿಯಾಗ್ತದೆ. ಅಲ್ಲಿವರೆಗೆ ಈ ಬದಿಯನ್ನೇ ರಸ್ತೆ ಕಡೆ ಇಟ್ಟು ನಿಲ್ಸಿ. ಬಲಗಡೆಯಾದ್ರೂ ಉಳೀತದೆ.' ಕನ್ನಡಿಗೆ ಹಳೇದೊಂದನ್ನು ಹುಡುಕಿ ಕೂರಿಸಿ ಮುನ್ನೂರು ತಗೊಂಡ.

ಮೂರು ವಾರದಲ್ಲಿ ಸಿಕ್ಕ ಒಂದೇ ಒಂದು ಉಪಯೋಗದ ಸಲಹೆ. ಅವತ್ತೇ ಪಾಲಿಸಿದೆ. ನಮ್ಮ ಮನೆಯೆದುರು ಎಡಗಡೆ ಕಂಪೌಂಡು. ಗೀರಿದ ಬದಿ ರಸ್ತೆಗೆ ಬರಬೇಕೆಂದರೆ ಗಾಡಿಯ ಮೂತಿ ಉಲ್ಟಾ ಮಾಡಿ ನಿಲ್ಲಿಸಬೇಕು. ನಿಲ್ಲಿಸಿದೆ. ಒಳಗೆ ಬಂದು ಆರಾಮಾಗಿ ಮಲಗಿದೆ.

ಮರುದಿನ ಹನ್ನೊಂದಕ್ಕೆ ಮೊಬೈಲಿಗೆ ಮೆಸೇಜು ಬಂತು. ತಪ್ಪು ದಿಕ್ಕಿಗೆ ಪಾರ್ಕಿಂಗ್, ದಂಡ ಕಟ್ಟಿ. ಕೆಳಗೆ ಸಾಕ್ಷಿಗೆ ಫೋಟೋ. ನೋಡಿದೆ. ನಂಬರ್ ಪ್ಲೇಟು, ಕಂಪೌಂಡು, ಅಮ್ಮ ಒಣಹಾಕಿದ ಅಡಿಕೆಯ ಗೋಣಿ, ಎಲ್ಲ ಇತ್ತು. ಜೇಡ ಇರಲಿಲ್ಲ. ಗೀರು ಹಿಂದಿನ ಬಾಗಿಲಿನಿಂದ ಮುಂದಿನ ಕೊಕ್ಕೆಯವರೆಗೆ ಎಷ್ಟು ಚಂದ ಬಂದಿತ್ತು ಎಂದರೆ, ನಾನು ತೆಗೆದ ನಲವತ್ತು ಫೋಟೋದಲ್ಲಿ ಒಂದರಲ್ಲೂ ಅಷ್ಟು ಚಂದ ಬಂದಿರಲಿಲ್ಲ.